ಕಾವಲು ಪ್ರೋಟೀನನ್ನು ನನ್ನ ಮಗಳಿಗೆ ಹಿಂದಿರುಗಿಸುವ ಕುರಿತು

ಇಂದ,
ಸಹಾಯಕ ವಿಜ್ಞಾನಿ (ಹಾಗೂ ಒಂದು ಹಸುಗೂಸಿನ ತಾಯಿ),
ಪ್ರೋಟೀನ್ ವಿಭಾಗ, ನೆಲಮಾಳಿಗೆ.

ಗೆ,
ಮಾನ್ಯ ನಿರ್ದೇಶಕರು,
ಅದೇ ಸಂಸ್ಥೆ, ಮೇಲಿನ ಮಹಡಿ.

ವಿಷಯ: ಸ್ತನ ಕ್ಯಾನ್ಸರ್ ಹರಡಿಲ್ಲವೆಂದು ಸಾರುವ ನಮ್ಮ ಸಂಸ್ಥೆಯ ಹೆಮ್ಮೆಯ ‘ಕಾವಲು ಪ್ರೋಟೀನ್’ ನನ್ನ ಮಗಳ ಊಟವಾಗಿರುವುದರಿಂದ, ಅದನ್ನು ಅವಳಿಗೆ ಹಿಂದಿರುಗಿಸುವ ಹಾಗೂ ಅದರ ಆಧಾರದ ಮೇಲೆ ಕೊಟ್ಟಿರುವ ಒಂದು ವರದಿಯನ್ನು ತುರ್ತಾಗಿ ರದ್ದುಪಡಿಸುವ ಬಗ್ಗೆ.

ಉಲ್ಲೇಖ:
1. ಹಾಲು ತೆಗೆಯಲು ಒಂದು ಕೋಣೆ ಬೇಕೆಂದು ನಾನು ಸಲ್ಲಿಸಿದ ಅರ್ಜಿ.
2. ಅದಕ್ಕೆ ಆಡಳಿತ ವಿಭಾಗದ ಉತ್ತರ: “ಮಾದರಿ ತಯಾರಿಕಾ ಕೊಠಡಿಗೆ ಒಳಚಿಲಕವಿದ್ದು, ಅದನ್ನೇ ಸದುಪಯೋಗಪಡಿಸಿಕೊಳ್ಳತಕ್ಕದ್ದು.”
3. ಮಗುವಿಗೆ ಎರಡನೇ ಸಲ ಜ್ವರ ಬಂದಾಗ ನಾನು ಕೇಳಿದ ರಜೆ, ಮತ್ತು ಅದರ ಮೇಲೆ ತಮ್ಮ ಷರಾ: “ಇವರು ಇಲ್ಲದಾಗ ಪ್ರೋಟೀನ್ ಬರುತ್ತಿಲ್ಲವಾದ ಕಾರಣ ರಜೆ ನಿರಾಕರಿಸಿದೆ.”
4. ತಮ್ಮೊಡನೆ ಲಿಫ್ಟಿನಲ್ಲಿ ನಡೆದ ಮಾತುಕತೆ (ಲಿಫ್ಟು ಬೇಗ ಮೇಲೆ ತಲುಪಿದ ಕಾರಣ ಅಪೂರ್ಣ).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅಮೂಲ್ಯ ಸಮಯ ತೆಗೆದುಕೊಳ್ಳುತ್ತಿರುವುದಕ್ಕೆ ಮೊದಲೇ ಕ್ಷಮೆ ಕೋರುತ್ತೇನೆ. ಮಗಳು ಮಲಗಿದ್ದಾಳೆ. ಎಷ್ಟು ಹೊತ್ತು ಮಲಗಿರುವುದೆಂಬುದು ಅವಳ ವಿವೇಚನೆಗೆ ಬಿಟ್ಟ ವಿಷಯವಾದ ಕಾರಣ, ಅಲ್ಲಲ್ಲಿ ವಾಕ್ಯಗಳು ತುಂಡಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ನಿವೇದನೆ ಈ ಕೆಳಗಿನಂತಿದೆ.

1. ತಾವು ಮೇಲಿನ ಮಹಡಿಗೆ ಹೋದ ಮೇಲೆ ನೆಲಮಾಳಿಗೆಗೆ ಇಳಿದಿಲ್ಲವಾದ ಕಾರಣ, ಯಂತ್ರದ ಬಗ್ಗೆ ಎರಡು ಮಾತು. ಅದನ್ನು ಮಾಸ್ ಸ್ಪೆಕ್ಟ್ರೋಮೀಟರ್ ಎಂದು ಕರೆದು ಅತಿಥಿಗಳಿಗೆ ಗಾಜಿನಾಚೆಯಿಂದ ತೋರಿಸುತ್ತೇವೆ. ಬಿಡಿಸಿ ಹೇಳಿದರೆ ಅದೊಂದು ತಕ್ಕಡಿ. ರೋಗಿಯ ಗಡ್ಡೆಯಿಂದ ತೆಗೆದ ಕಾಳಿನಷ್ಟು ಮಾಂಸವನ್ನು ನಾವು ಅರೆದು, ಅದರ ಪ್ರೋಟೀನುಗಳನ್ನು ಕಿಣ್ವ ಹಾಕಿ ಚೂರು ಮಾಡಿ ಕೊಡುತ್ತೇವೆ. ಅದು ಒಂದೊಂದು ಚೂರನ್ನೂ ಹಾರಿಸಿ, ತೂಗಿ, ತೂಕದ ಮೇಲಿಂದ ಇಂಥ ಪ್ರೋಟೀನು ಇಷ್ಟಿದೆ ಎಂದು ಹೇಳುತ್ತದೆ. ಯಾರದೆಂದು ಮಾತ್ರ ಹೇಳುವುದಿಲ್ಲ. ರೋಗಿಯದೋ, ಮಾದರಿ ತಯಾರಿಸಿದವರದೋ, ಬಾಗಿಲಲ್ಲಿ ನಿಂತು ಸೀನಿದವರದೋ, ಅದಕ್ಕೆ ಎಲ್ಲವೂ ಒಂದೇ. ಇಡೀ ಸಂಸ್ಥೆಯಲ್ಲಿ ಮೇಲು ಕೀಳು ನೋಡದೆ ಕೆಲಸ ಮಾಡುವುದು ಅದೊಂದೇ.

2. ಆಸ್ಪತ್ರೆಯಿಂದ ಎರಡು ಬಗೆಯ ಟ್ಯೂಬುಗಳು ಬಂದವು. ಕ್ಯಾನ್ಸರ್ ಸ್ತನದಲ್ಲೇ ಉಳಿದವರದು ನೀಲಿ ಮುಚ್ಚಳ, ಬೇರೆ ಕಡೆ ಹರಡಿದವರದು ಕೆಂಪು ಮುಚ್ಚಳ. ಎರಡನ್ನೂ ಇಸ್ಪೀಟು ಎಲೆ ಕಲಸಿದ ಹಾಗೆ ಕಲಸಿ, ಯಾವುದು ಯಾವುದೆಂದು ತಿಳಿಯದ ಹಾಗೆ ತಯಾರಿಸುವುದು ಪದ್ಧತಿ. ನಾನು ಹಾಗೇ ಸೂಚಿಸಿದೆ. ತಾವು, “ಕಲಸುಮೇಲೋಗರ ಬೇಡಮ್ಮ. ನೀಲಿ ನಿಮಗೆ, ಕೆಂಪು ಅವರಿಗೆ. ಒಂದು ಶಿಸ್ತಿರಲಿ” ಎಂದಿರಿ. ‘ಅವರು’ ಎಂದರೆ ಪಕ್ಕದ ಕೊಠಡಿಯ ಸಹೋದ್ಯೋಗಿ, ನಾವೆಲ್ಲ ಮೌನಿ ಎಂದು ಕರೆಯುವವರು. ನಾನು ಇನ್ನಷ್ಟು ವಾದಿಸಬಹುದಿತ್ತು. ಆದರೆ ಆ ದಿನಗಳಲ್ಲಿ ನಾನು ನಿಂತಲ್ಲೇ ನಿದ್ದೆ ಮಾಡುತ್ತಿದ್ದೆ. ಎರಡು ಬಣ್ಣದಲ್ಲಿ ಒಂದೇ ಬಣ್ಣ ನೋಡಿಕೊಂಡರೆ ಸಾಕೆಂಬುದು ನನಗೂ ಹಿತವಾಗಿಯೇ ಕೇಳಿಸಿತು. ಅಂದಿನಿಂದ ಹರಡದವರೆಲ್ಲ ನನ್ನ ಕೈಯಲ್ಲಿ, ಹರಡಿದವರೆಲ್ಲ ಮೌನಿಯ ಕೈಯಲ್ಲಿ.

3. ನನ್ನ ಮಗಳಿಗೆ ಆಗ ಹಾಲೇ ಊಟ, ಹಾಲೇ ನೀರು, ಹಾಲೇ ಸಮಾಧಾನ. ಅವಳು ಮನೆಯಲ್ಲಿ, ಹಾಲು ಕಚೇರಿಯಲ್ಲಿ. ಆದ್ದರಿಂದ ಉಲ್ಲೇಖ 1ರ ಅರ್ಜಿ, ಆದ್ದರಿಂದ ಉಲ್ಲೇಖ 2ರ ಉತ್ತರ. ನಮ್ಮ ಕಟ್ಟಡದಲ್ಲಿ ಒಳಚಿಲಕವಿರುವ ಕೊಠಡಿಗಳು ಎರಡೇ. ಒಂದು ತಮ್ಮದು. ಆದೇಶದಂತೆ ನಾನು ಮಾದರಿ ತಯಾರಿಸುವ ಕೊಠಡಿಯ ಚಿಲಕ ಹಾಕಿಕೊಂಡು, ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿ ಕೂತು, ಪಂಪಿನಿಂದ ಹಾಲು ತೆಗೆದು ಸೀಸೆಗೆ ತುಂಬುತ್ತಿದ್ದೆ. ಪಂಪಿನ ಸದ್ದು ಹೊರಗೆ ಕೇಳಬಾರದೆಂದು ಜೊತೆಗೆ ಟ್ಯೂಬು ತಿರುಗಿಸುವ ಯಂತ್ರವನ್ನು ಖಾಲಿ ಓಡಿಸುತ್ತಿದ್ದೆ. ಹೊರಗಿನಿಂದ ಕೇಳಿದವರಿಗೆ ಭಾರೀ ಸಂಶೋಧನೆ ನಡೆಯುತ್ತಿದೆ ಎನ್ನಿಸಿರಬೇಕು. ಮುಗಿದ ಮೇಲೆ ಕೈ ತೊಳೆಯುತ್ತಿದ್ದೆ, ಕೈಗವಸು ಬದಲಿಸುತ್ತಿದ್ದೆ, ಬೆಂಚು ಒರೆಸುತ್ತಿದ್ದೆ. ಮನುಷ್ಯರ ಲೆಕ್ಕಕ್ಕೆ ಅದು ಚೊಕ್ಕಟ. ಯಂತ್ರದ ಲೆಕ್ಕಕ್ಕಲ್ಲ. ಹಾಲು ನನ್ನ ಅಂಗಿಯಲ್ಲಿತ್ತು, ಸ್ಟೂಲಿನ ಅಂಚಿನಲ್ಲಿತ್ತು, ಸದುಪಯೋಗಪಡಿಸಿಕೊಂಡ ಚಿಲಕದ ಮೇಲಿತ್ತು. ಆ ಚಿಲಕ ತೆಗೆದ ಕೈಗವಸಿನಲ್ಲೇ ನೀಲಿ ಮುಚ್ಚಳಗಳು.

4. ಹೀಗಿರುವಾಗ ಯಂತ್ರವು ನೀಲಿ ಟ್ಯೂಬುಗಳಲ್ಲಿ ಒಂದು ಪ್ರೋಟೀನು ಎದ್ದು ಕಾಣುತ್ತಿದೆ, ಕೆಂಪಿನಲ್ಲಿ ಅದರ ಸುಳಿವೇ ಇಲ್ಲ ಎಂದು ತಿಳಿಸಿತು. ಪ್ರೋಟೀನಿನ ಹೆಸರು ಕೇಸಿನ್. ಹಾಲಿನದು. ಸಭೆಯಲ್ಲಿ ಯಾರೋ ಒಬ್ಬರು, “ಸರ್, ಇದು ಹಾಲಿನ ಪ್ರೋಟೀನ್ ಅಲ್ವಾ?” ಎಂದು ಕೇಳಿದ್ದಕ್ಕೆ ತಾವು, “ಹಾಲಿನ ಪ್ರೋಟೀನು ಎದೆಯಲ್ಲಿ ಇರದೆ ಮೊಣಕಾಲಲ್ಲಿ ಇರುತ್ತೇನ್ರೀ?” ಎಂದಿರಿ. ಎಲ್ಲರೂ ನಕ್ಕರು. ನಿರ್ದೇಶಕರ ತಮಾಷೆಗೆ ನಗುವುದು ಸೇವಾ ನಿಯಮಗಳಲ್ಲಿ ಇಲ್ಲದಿದ್ದರೂ ರೂಢಿಯಲ್ಲಿರುವ ಕಾರಣ ನಾನೂ ನಕ್ಕೆ. ಆ ಮೇಲೆ ತಾವು ಸಿದ್ಧಾಂತ ಮಂಡಿಸಿದಿರಿ: ತಾಯ್ತನದ ನೆನಪನ್ನು ಉಳಿಸಿಕೊಂಡ ಗ್ರಂಥಿಯಿಂದ ಕ್ಯಾನ್ಸರ್ ಮನೆ ಬಿಟ್ಟು ಹೊರಡುವುದಿಲ್ಲ. ಹಾಲಿನ ಪ್ರೋಟೀನೇ ಹೊಸ್ತಿಲಲ್ಲಿ ಕಾವಲು. ಪತ್ರಿಕೆಯವರು ಬಂದರು, ತಮ್ಮ ಚಿತ್ರ ತೆಗೆದರು. ಪೇಟೆಂಟಿಗೂ ಹಾಕಲಾಯಿತು. ಅದನ್ನು ಮನೆಯಲ್ಲಿ ಹೇಳಿದಾಗ ನಮ್ಮ ಮನೆಯವರು ಮಗುವಿನ ಬಟ್ಟೆ ಮಡಚುತ್ತಾ, “ಯಾವುದಕ್ಕೂ ನಮ್ಮ ಹಾಲಿನ ಸೀಸೆ ಹುಷಾರಾಗಿಡು. ನಾಳೆ ಕಳ್ಳತನದ ಕೇಸು ಹಾಕ್ಯಾರು” ಎಂದರು. ಅವರು ತಮಾಷೆಗೆ ಹೇಳಿದ್ದು. ವಿಜ್ಞಾನ ಓದಿದವಳು ನಾನು. ನನಗೆ ಆಗಲೂ ಹೊಳೆಯಲಿಲ್ಲ.

5. ಮಗಳಿಗೆ ಮೊದಲ ಸಲ ಜ್ವರ ಬಂದಾಗ ನಾನು ರಜೆ ಹಾಕಿದೆ. ನೀಲಿ ಮುಚ್ಚಳದ ಕೆಲಸವನ್ನು ಮೌನಿ ಮಾಡಿದರು. ಕಾವಲು ಪ್ರೋಟೀನು ಮಾಯ. ಇಂಥ ಸಂದರ್ಭದಲ್ಲಿ ಯಾವ ವಿಜ್ಞಾನ ಸಂಸ್ಥೆಯಾದರೂ ಕೂತು ಯೋಚಿಸಬೇಕು. ತಾವು ಮೌನಿಯನ್ನು ಮೇಲಕ್ಕೆ ಕರೆಸಿ, “ಆ ಹೆಣ್ಣುಮಗಳ ಕೈಗುಣ ನಿಮಗಿಲ್ಲ” ಎಂದು ಗದರಿಸಿದಿರಿ. ಮೌನಿ ಮೌನವಾಗಿ ಇಳಿದು ಬಂದರು. ಎರಡನೇ ಜ್ವರದ ರಜೆಗೆ ಉಲ್ಲೇಖ 3ರ ಷರಾ ಬಂತು. ಮಾನ್ಯರೇ, ನಾನು ಹೋದರೆ ಪ್ರೋಟೀನು ಹೋಗುತ್ತದೆ, ನಾನು ಬಂದರೆ ಬರುತ್ತದೆ ಎಂಬ ಸತ್ಯವನ್ನು ಈ ಸಂಸ್ಥೆಯಲ್ಲಿ ಮೊದಲು ಲಿಖಿತವಾಗಿ ದಾಖಲಿಸಿದವರು ತಾವೇ. ಆ ಗೌರವವನ್ನು ತಮ್ಮಿಂದ ಯಾರೂ ಕಸಿಯುವಂತಿಲ್ಲ.

6. ಇನ್ನು ಮುಖ್ಯ ವಿಚಾರ. ನಮ್ಮ ಅಕೌಂಟ್ಸ್ ಮೇಡಂ. ಈ ಕಟ್ಟಡದಲ್ಲಿ ಅವರ ಬಾಯಿಗೆ ಹೆದರದವರಿಲ್ಲ, ತಾವೂ ಸೇರಿದಂತೆ. ಅವರಿಗೆ ಎದೆಯ ಆಪರೇಷನ್ ಆಯಿತು. ಕಂಕುಳಿನ ಗಂಟಿಗೆ ರೋಗ ದಾಟಿದೆಯೋ ಇಲ್ಲವೋ ಎಂಬುದು ಅನುಮಾನದಲ್ಲಿದ್ದ ಕಾರಣ ಆಸ್ಪತ್ರೆಯ ಡಾಕ್ಟರು ಕೀಮೋ ಕೊಡಲು ಸಿದ್ಧರಾಗಿದ್ದರು. ಅಷ್ಟರಲ್ಲಿ ತಾವು ಸಿಬ್ಬಂದಿಗೆ ಮೊದಲ ಆದ್ಯತೆ ಎಂದು ಹೊಸ ಪರೀಕ್ಷೆಯನ್ನು ಅವರಿಗೇ ಮಾಡಿಸಿದಿರಿ. ಅವರ ಮಾದರಿಯನ್ನು ತಯಾರಿಸಿದ್ದು ನಾನು. ಆ ಬೆಳಿಗ್ಗೆ ಮಗಳು ಮೂಗು ಕಟ್ಟಿ ಹಾಲು ಕುಡಿದಿರಲಿಲ್ಲ. ನನ್ನ ಎದೆ ಕಲ್ಲಾಗಿತ್ತು. ಪಂಪಿಗೆ ಎಂದಿಗಿಂತ ಹೆಚ್ಚು ಕೆಲಸ ಬಿದ್ದಿತ್ತು. ಅದು ಮುಗಿದ ತಕ್ಷಣ ನಾನು ಮುಟ್ಟಿದ್ದು ಅವರ ಟ್ಯೂಬು. ಯಂತ್ರ ಅವರಲ್ಲಿ ಕಾವಲು ಪ್ರೋಟೀನು ಎಲ್ಲರಿಗಿಂತ ಹೆಚ್ಚಿದೆ ಎಂದು ತೂಗಿ ಕೊಟ್ಟಿತು. ತಾವು ಹೂಗುಚ್ಛ ಕೊಟ್ಟು, ‘ಪ್ರಥಮ ಫಲಾನುಭವಿ’ ಎಂದು ಕರೆದು, ವರದಿಗೆ ಸಹಿ ಹಾಕಿದಿರಿ.

ಮಾರನೆಯ ದಿನ ಮೇಡಂ ವರದಿ ಹಿಡಿದು ನೆಲಮಾಳಿಗೆಗೆ ಬಂದರು.

“ಏನೇ, ಇಲ್ಲೇ ಇದೀಯಾ? ನಿನ್ನ ಕೈಗುಣ ದೊಡ್ಡದು ಕಣೆ. ಡಾಕ್ಟರು ಕೀಮೋ ಬೇಡ ಅಂದ್ಬಿಟ್ರು.”

“ಒಳ್ಳೇದಾಯ್ತು ಮೇಡಂ.”

“ಇರೋದೇ ನಾಲ್ಕು ಕೂದಲು. ಅದೂ ಉದುರಿದ್ರೆ ಬಿಲ್ಲು ವಾಪಸ್ ಕಳಿಸೋವಾಗ ಯಾರು ಹೆದರ್ತಿದ್ರು ನನಗೆ?” ಎಂದು ನಕ್ಕರು. ಆಮೇಲೆ ಬಾಗಿಲ ಕಡೆ ನೋಡಿ ದನಿ ಇಳಿಸಿದರು. “ಒಂದು ಕೇಳ್ತೀನಿ, ನಗಬಾರದು. ಇದರಲ್ಲಿ ಬರೆದಿದೆ, ಹಾಲಿನ ಪ್ರೋಟೀನು ಜಾಸ್ತಿ ಇದೆ ಅಂತ. ನನಗೆಲ್ಲಿಂದ ಬಂತೇ ಅದು? ನಾನು ಹೊತ್ತವಳಲ್ಲ, ಹೆತ್ತವಳಲ್ಲ.”

“ಕೆಲವರಿಗೆ ಇರಬಹುದು ಮೇಡಂ” ಎಂದೆ.

“ಇರಬಹುದು ಅಲ್ವಾ? ನಾನೂ ಹಾಗೇ ಅಂದ್ಕೊಂಡೆ. ಎಲ್ಲೋ ಒಂದಿಷ್ಟು ಎತ್ತಿಟ್ಟಿತ್ತೇನೋ ಈ ಮೈ, ನನಗೂ ಹೇಳದೆ.”

ಅವರು ವರದಿಯನ್ನು ಮಡಚಿ ಕೈಚೀಲಕ್ಕೆ ಹಾಕಿಕೊಂಡ ರೀತಿಯನ್ನು ಸರ್ಕಾರಿ ಭಾಷೆಯಲ್ಲಿ ಹೇಳಲು ಪದವಿಲ್ಲ. ಬಿಲ್ಲುಗಳನ್ನು ಅವರು ಎಂದೂ ಹಾಗೆ ಮಡಚಿದ್ದಿಲ್ಲ. ಅವರು ಹೋದ ಮೇಲೆ ನಾನು ಸ್ಟೂಲಿನ ಮೇಲೆ ಕೂತೆ. ಎದುರಿಗೆ ಪಂಪು. ನನ್ನ ಅಂಗಿಯ ಮೇಲೆ ಒಣಗಿದ ಕಲೆ. ಆಗ ಹೊಳೆಯಿತು.

7. ಅನುಮಾನ ಪರಿಹಾರಕ್ಕಾಗಿ ನಾನು ಎರಡು ಟ್ಯೂಬಿಗೆ ಶುದ್ಧ ನೀರು ಹಾಕಿ, ಒಂದನ್ನು ನನ್ನ ಕೊಠಡಿಯಲ್ಲಿ ಎಂದಿನಂತೆ ತಯಾರಿಸಿದೆ. ಇನ್ನೊಂದನ್ನು ಮೌನಿಯ ಕೈಗೆ ಕೊಟ್ಟೆ. ಮೌನಿಯ ನೀರು ನೀರಾಗಿಯೇ ಇತ್ತು. ನನ್ನ ನೀರಿನಲ್ಲಿ ಕಾವಲು ಪ್ರೋಟೀನು ಭರ್ತಿ. ವರದಿ ಬರೆಯುವ ಕೆಲಸವನ್ನು ತಾವು ಕಂಪ್ಯೂಟರಿಗೇ ವಹಿಸಿರುವ ಕಾರಣ ಅದು ತಾನಾಗಿಯೇ ಹೀಗೆ ಅಚ್ಚು ಹಾಕಿತು: “ರೋಗಿಯ ಮಾತೃಗ್ರಂಥಿ ಜಾಗೃತವಾಗಿದೆ. ಕ್ಯಾನ್ಸರ್ ಹರಡುವ ಸಂಭವ ತೀರಾ ಕಡಿಮೆ. ಅಭಿನಂದನೆಗಳು.” ಮೌನಿ ಅದನ್ನು ಎರಡು ಸಲ ಓದಿ, “ನೀರಮ್ಮನಿಗೆ ಶುಭವಾಗಲಿ” ಎಂದರು. ತಮ್ಮ ಬಳಿಗೆ ನನ್ನ ಜೊತೆ ಬನ್ನಿ ಎಂದು ಕೇಳಿದಾಗ, “ನನ್ನ ಪ್ರಮೋಷನ್ ಫೈಲು ಮೇಲೆ ಹೋಗಿದೆ, ಅದು ಇಳಿದು ಬರ್ಲಿ” ಎಂದರು. ಒಂದೇ ದಿನ ಅವರು ಇಷ್ಟು ಮಾತಾಡಿದ್ದು ಅದೇ ಮೊದಲು.

8. ಆದ ಕಾರಣ ಲಿಫ್ಟಿನಲ್ಲಿ ನಾನೊಬ್ಬಳೇ ತಮ್ಮನ್ನು ಹಿಡಿದೆ. “ಸರ್, ಆ ಪ್ರೋಟೀನು ರೋಗಿಗಳದಲ್ಲ, ನನ್ನದು” ಎಂದೆ. ತಾವು ಸಂತೋಷದಿಂದ, “ರಿಸರ್ಚ್ ಪೇಪರಿನಲ್ಲಿ ನಿಮ್ಮ ಹೆಸರೂ ಇರುತ್ತಮ್ಮ, ಕೊನೇಲಿ” ಎಂದಿರಿ. ಹಾಲು, ಪಂಪು, ಚಿಲಕ, ನೀರು ಎಲ್ಲವನ್ನೂ ನಾನು ಎರಡು ಮಹಡಿಯೊಳಗೆ ಹೇಳಿ ಮುಗಿಸಿದೆ. ತಾವು ಕನ್ನಡಕ ತೆಗೆದು ಒರೆಸಿಕೊಂಡಿರಿ.

“ಮುಂದಿನ ತಿಂಗಳು ಅನುದಾನ ಸಮಿತಿ ಬರ್ತಿದೆ. ಆಮೇಲೆ ನೋಡೋಣ.”

“ಸರ್, ಅಕೌಂಟ್ಸ್ ಮೇಡಂಗೆ ಕೀಮೋ ನಿಲ್ಸಿದ್ದಾರೆ. ಆಪರೇಷನ್ ಆಗಿ ತಡವಾದಷ್ಟೂ ಅದರ ಪ್ರಯೋಜನ ಕಡಿಮೆ ಅಂತೆ.”

“ಒಬ್ಬರ ಸಲುವಾಗಿ ವಿಜ್ಞಾನ ನಿಲ್ಸೋಕಾಗುತ್ತೇನಮ್ಮ?”

ಬಾಗಿಲು ತೆರೆಯಿತು. ತಾವು ಇಳಿದಿರಿ. ನಾನು ಅದೇ ಲಿಫ್ಟಿನಲ್ಲಿ ಕೆಳಗೆ ಬಂದೆ.

9. ನೆಲಮಾಳಿಗೆಗೆ ಹೋಗದೆ ನಡುವೆ ಅಕೌಂಟ್ಸ್ ವಿಭಾಗದಲ್ಲಿ ಇಳಿದೆ. ಮೇಡಂ ವೋಚರುಗಳಿಗೆ ಸಹಿ ಹಾಕುತ್ತಿದ್ದರು.

“ಮೇಡಂ, ಆ ವರದಿ ತಪ್ಪು. ಅದರಲ್ಲಿರೋದು ನಿಮ್ಮ ಪ್ರೋಟೀನಲ್ಲ. ನನ್ನ ಹಾಲು.”

ಅವರು ತಲೆ ಎತ್ತಲಿಲ್ಲ. ಪೆನ್ನಿನ ಮುಚ್ಚಳ ಹುಡುಕಿ ಹಾಕಿದರು. ನಾನು ಪೂರ್ತಿ ಹೇಳಿ ಮುಗಿಸುವವರೆಗೂ ಆ ಪೆನ್ನನ್ನೇ ನೋಡುತ್ತಿದ್ದರು.

“ಒಂದು ಹನೀನೂ ನನ್ನದಲ್ವಾ?”

“ಇಲ್ಲ ಮೇಡಂ.”

“ಹೋಗ್ಲಿ ಬಿಡು. ನಾಲ್ಕು ದಿನ ಇಟ್ಕೊಂಡಿದ್ದೆ.” ಆಮೇಲೆ ನನ್ನ ಕಡೆ ನೋಡಿದರು. “ನೀನ್ಯಾಕೆ ಅಳ್ತಿದೀಯಾ? ಆ ಕಡೆ ತಿರುಗಿ ಅಳು, ವೋಚರು ಒದ್ದೆಯಾಗುತ್ತೆ. ಈಗ ಸರಿಯಾಗಿ ಹೇಳು. ನನಗೆ ಹರಡಿದೆಯೋ, ಇಲ್ವೋ?”

“ಗೊತ್ತಿಲ್ಲ ಮೇಡಂ. ಹರಡಿದೆ ಅಂತಲ್ಲ. ಇಲ್ಲ ಅಂತಾನೂ ಅಲ್ಲ. ಗೊತ್ತಿಲ್ಲ.”

“ಗೊತ್ತಿಲ್ಲ ಅನ್ನೋ ವರದಿ ಈ ಕಟ್ಟಡದಿಂದ ಯಾವತ್ತಾದ್ರೂ ಹೊರಗೆ ಹೋಗಿದೆಯೇನೇ?”

“ಇಲ್ಲ.”

“ಅದಕ್ಕೇ ಈ ಗತಿ.”

ನನ್ನೆದುರೇ ಆಸ್ಪತ್ರೆಗೆ ಫೋನು ಮಾಡಿದರು. ಡಾಕ್ಟರು ಸಜ್ಜನರು. ಆದರೆ ಅವರಿಗೂ ಮೇಲಿನವರಿದ್ದಾರೆ, ಅವರ ಕಡತಕ್ಕೂ ನಿಯಮಗಳಿವೆ. ನಿರ್ದೇಶಕರ ಸಹಿಯಿರುವ ವರದಿ ಕಡತದಲ್ಲಿ ಕೂತಿರುವಾಗ, ಅದೇ ನಿರ್ದೇಶಕರ ಸಹಿಯಿಂದ ರದ್ದಾಗದ ಹೊರತು ಕೀಮೋಗೆ ಮಂಜೂರಾತಿ ಸಿಗುವುದಿಲ್ಲವೆಂದೂ, ರದ್ದಾದರೆ ಆ ದಿನವೇ ಹಾಸಿಗೆ ಕೊಡುವೆನೆಂದೂ ಹೇಳಿದರು. ಮೇಡಂ ಫೋನು ಇಟ್ಟರು.

“ನಾನು ಈ ಕುರ್ಚಿಯಲ್ಲಿ ಕೂತು ಎಷ್ಟು ಜನಕ್ಕೆ ಇದೇ ಮಾತು ಹೇಳಿದೀನಿ ಗೊತ್ತಾ? ಡಾಕ್ಟರದೇನೂ ತಪ್ಪಿಲ್ಲ. ನೋಡು, ನಿಮ್ಮ ಸಾಹೇಬರ ಹತ್ರ ಬಾಯಲ್ಲಿ ಹೇಳಿದ್ದು ಲಿಫ್ಟಿನಲ್ಲೇ ಉಳಿಯುತ್ತೆ. ಅರ್ಜಿ ಬರಿ. ವಿಷಯ ಒಂದೇ ಸಾಲಿನಲ್ಲಿರ್ಲಿ. ನನ್ನ ವಿಚಾರ ಬರೀಬೇಕಾದ್ರೆ ಬರಿ, ಸಂಕೋಚ ಬೇಡ. ನನ್ನ ಮೇಲೆ ಕರುಣೆ ಗಿರುಣೆ ಬರೆದ್ಯೋ, ವಾಪಸ್ ಕಳಿಸ್ತೀನಿ.”

ಆದ್ದರಿಂದ ಈ ಅರ್ಜಿ. ವಿಷಯ ಒಂದೇ ಸಾಲಿನಲ್ಲಿರಲಿ ಎಂಬುದನ್ನು ಪಾಲಿಸಲಾಗಲಿಲ್ಲ. ಉಳಿದದ್ದನ್ನು ಪಾಲಿಸಲು ಪ್ರಯತ್ನಿಸಿದ್ದೇನೆ.

10. ತಮಗಾಗುವ ತೊಂದರೆಗಳ ಅರಿವು ನನಗಿದೆ. ಪತ್ರಿಕೆಯಲ್ಲಿ ಬಂದದ್ದನ್ನು ಅಲ್ಲವೆನ್ನಬೇಕು. ಪೇಟೆಂಟು ಹಿಂದಕ್ಕೆ ತೆಗೆದುಕೊಳ್ಳಬೇಕು. ಸಮಿತಿಗೆ ತೋರಿಸಲು ಬೇರೇನಾದರೂ ಹುಡುಕಬೇಕು. ಇವೆಲ್ಲಕ್ಕೆ ತಾವು ತಿಂಗಳು ತೆಗೆದುಕೊಂಡರೂ, ವರ್ಷ ತೆಗೆದುಕೊಂಡರೂ ನನ್ನ ತಕರಾರಿಲ್ಲ. ಕಾವಲು ಪ್ರೋಟೀನು ನನ್ನದೆಂದು ನಾನು ಎಲ್ಲಿಯೂ ಹೇಳಿಕೊಳ್ಳುವುದಿಲ್ಲ. ನನ್ನ ಮಗಳಿಗೆ ಇನ್ನೂ ಮಾತು ಬಾರದ ಕಾರಣ ಅವಳ ಕಡೆಯಿಂದಲೂ ತಮಗೆ ಭಯವಿಲ್ಲ.

ಆದ್ದರಿಂದ ಮಾನ್ಯರಲ್ಲಿ ಕೇಳಿಕೊಳ್ಳುವುದೇನೆಂದರೆ:

(ಅ) ಅಕೌಂಟ್ಸ್ ಮೇಡಂ ಅವರ ವರದಿಯನ್ನು ರದ್ದುಪಡಿಸಿ ಆಸ್ಪತ್ರೆಗೆ ಬರೆಯುವ ಪತ್ರಕ್ಕೆ ಸಹಿ ಹಾಕುವುದು. ಕಾರಣದ ಜಾಗದಲ್ಲಿ ‘ತಾಂತ್ರಿಕ ದೋಷ’ ಎಂದು ಬರೆದುಕೊಳ್ಳಬಹುದು. ‘ಸಹಾಯಕ ವಿಜ್ಞಾನಿಯ ನಿರ್ಲಕ್ಷ್ಯ’ ಎಂದು ಬರೆದರೂ ಆಗಬಹುದು. ದಿನಾಂಕ ಮಾತ್ರ ಇವತ್ತಿನದೇ ಇರಲಿ.

(ಆ) ಉಳಿದ ಮಾದರಿಗಳನ್ನು ನೀಲಿ ಕೆಂಪು ಕಲಸಿ, ಬೇರೆ ಕೊಠಡಿಯಲ್ಲಿ, ಬೇರೆಯವರ ಕೈಯಿಂದ ಮತ್ತೆ ತಯಾರಿಸಲು ಆದೇಶಿಸುವುದು. ಹರಡುವುದನ್ನು ನಿಜವಾಗಿ ಸೂಚಿಸುವ ಪ್ರೋಟೀನು ಆ ಟ್ಯೂಬುಗಳಲ್ಲಿ ಇರಲೂಬಹುದು. ನನ್ನ ಹಾಲಿನ ಗದ್ದಲದಲ್ಲಿ ಅದರ ದನಿ ಯಾರಿಗೂ ಕೇಳಿಸಿಲ್ಲ.

(ಇ) ಹಾಲು ತೆಗೆಯಲು ಒಂದು ಕೋಣೆ. ಇದು ಸಣ್ಣ ವಿಷಯವಾದ ಕಾರಣ ಕೊನೆಯಲ್ಲಿ ಬರೆದಿದ್ದೇನೆ. ಸಣ್ಣ ವಿಷಯವೆಂದು ಕಳೆದ ಸಲ ಬಿಟ್ಟದ್ದರ ಫಲ ಮೇಲಿನ ಹತ್ತು ಕಲಮುಗಳು.

ಮಗಳು ಮಗ್ಗುಲಾದಳು. ಇಲ್ಲಿಗೆ ಮುಗಿಸಬೇಕು.

ಇವತ್ತಿನ ಮಟ್ಟಿಗೆ ಇನ್ನೂ,
ತಮ್ಮ ವಿಶ್ವಾಸಿ,
ಸಹಾಯಕ ವಿಜ್ಞಾನಿ, ನೆಲಮಾಳಿಗೆ

ಲಗತ್ತುಗಳು:
1. ಶುದ್ಧ ನೀರಿಗೆ ಕ್ಯಾನ್ಸರ್ ಹರಡಿಲ್ಲವೆಂಬ ನಮ್ಮ ಸಂಸ್ಥೆಯ ವರದಿ, ಅಭಿನಂದನೆ ಸಹಿತ.
2. ಚಿಲಕದ ಸದುಪಯೋಗ ಕುರಿತ ಆದೇಶದ ಪ್ರತಿ.
3. ರದ್ದತಿ ಪತ್ರ. ಪೂರ್ತಿ ಟೈಪು ಮಾಡಿದೆ, ಸಹಿಯ ಜಾಗ ಖಾಲಿ ಬಿಟ್ಟಿದೆ.
4. ಹಾಲು, ಒಂದು ಸೀಸೆ. ತಮಗೆ ನಂಬಿಕೆ ಬಾರದಿದ್ದಲ್ಲಿ ಯಂತ್ರದಲ್ಲಿ ತೂಗಿಸಿ ನೋಡಲು. ಒಂದು ಹನಿ ಸಾಕಾಗುವ ಕಾರಣ, ಉಳಿದದ್ದನ್ನು ಸಂಜೆಯೊಳಗೆ ಹಿಂದಿರುಗಿಸಲು ಕೋರಿಕೆ.

ವಿ.ಸೂ.: ಈ ಅರ್ಜಿಯನ್ನು ತರುತ್ತಿರುವವರು ಅಕೌಂಟ್ಸ್ ಮೇಡಂ ಅವರೇ. ಆಸ್ಪತ್ರೆಗೆ ಬೇಕಾದ ಬಟ್ಟೆಬರೆಯ ಚೀಲ ಅವರ ಜೊತೆಯಲ್ಲಿರುತ್ತದೆ. ಸಹಿ ಆಗುವವರೆಗೆ ತಮ್ಮ ಕೊಠಡಿಯ ಹೊರಗಿನ ಬೆಂಚಿನ ಮೇಲೆ ಕೂತಿರುತ್ತಾರೆ. ಆಪರೇಷನ್ ಆದ ಕಡೆಯ ಕೈಯನ್ನು ಅವರು ಇನ್ನೂ ಪೂರ್ತಿ ಎತ್ತಲಾರರು. ಆದ್ದರಿಂದ ತಮ್ಮ ಬಾಗಿಲನ್ನು ಒಳಗಿನಿಂದ ತಾವೇ ತೆಗೆಯಬೇಕಾಗಿ ವಿ‌ನಂತಿ.